ಹಳೆ ಟೆನ್ನಿಸ್ ಬಾಲ್ ಬಿಸಾಡಬೇಡಿ, ಅಮ್ಮಂದಿರಿಗೆ ಒಂದು ಕುರ್ಚಿ ಆಗ್ತದೆ

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ನಿಮ್ಮ ಪತ್ರಿಕೆಯ ಓದುಗರ ಪತ್ರದ ಜಾಗದಲ್ಲಿ ಒಬ್ಬರು ಬೀಡಿ ಕಟ್ಟುವ ಹೆಂಗಸರ ಸೊಂಟ ನೋವಿನ ಬಗ್ಗೆ ನಾಲ್ಕು ಸಾಲು ಬರೆದಿದ್ರು, ಅದನ್ನು ಓದಿದ ದಿನದಿಂದ ನಾನೂ ಬರೀಬೇಕು ಅಂತ ಎಣಿಸ್ತಾ ಇದ್ದೆ, ಕೆಲಸ ಮುಗಿಸಿ ಬರುವಾಗ ರಾತ್ರಿ ಆಗ್ತದೆ, ಹಾಗೆ ದಿನ ಹೋಯ್ತು. ಇವತ್ತು ಆದಿತ್ಯವಾರ, ಕೂತು ಬರಿತಾ ಇದ್ದೇನೆ. ಪತ್ರ ಸ್ವಲ್ಪ ಉದ್ದ ಆಗ್ತದೆ, ಆದ್ರೂ ದಯವಿಟ್ಟು ಕತ್ತರಿಸದೆ ಹಾಕಿ, ಯಾಕಂದ್ರೆ ಅಳತೆಗಳನ್ನು ಬಿಟ್ರೆ ಇದರಲ್ಲಿ ಯಾರಿಗೂ ಉಪಯೋಗ ಇಲ್ಲ.

ನಾನು ಇರುದು ಮಂಗಳೂರು ಕಡೆಯ ಹಳೆಯಂಗಡಿ ಹತ್ರ, ಕೆಲಸ ಬೈಕಂಪಾಡಿಯಲ್ಲಿ ಒಂದು ವರ್ಕ್‌ಶಾಪಲ್ಲಿ ಫಿಟ್ಟರ್. ನನ್ನ ಅಮ್ಮನಿಗೆ ಈಗ 71. ಹದಿನಾಲ್ಕನೇ ವರ್ಷಕ್ಕೆ ಬೀಡಿ ಕಟ್ಲಿಕ್ಕೆ ಕೂತವರು, ಅಂದ್ರೆ ಐವತ್ತು ವರ್ಷಕ್ಕೂ ಮೇಲೆ ಅದೇ ತಡ್ಪೆ (ಎಲೆ, ಹೊಗೆಸೊಪ್ಪು ಇಡುವ ಮೊರ), ಅದೇ ಕತ್ತರಿ, ಅದೇ ಗೋಡೆಗೆ ಬೆನ್ನು ಕೊಟ್ಟು ಸಿಮೆಂಟ್ ನೆಲದ ಮೇಲೆ ಕಾಲು ನೀಡಿ ಕೂರುದು. ನಾನು ಮತ್ತು ತಂಗಿ ಶಾಲೆಗೆ ಹೋದದ್ದು, ನಾನು ಐಟಿಐ ಮುಗಿಸಿದ್ದು, ತಂಗಿಯ ಮದುವೆ, ಎಲ್ಲ ಆ ತಡ್ಪೆಯಿಂದಲೇ. ಈ ಊರುಗಳಲ್ಲಿ ಇಂಥ ಮನೆ ಎಷ್ಟು ಉಂಟು ಅಂತ ನಿಮಗೆ ನಾನು ಹೇಳ್ಬೇಕಾಗಿಲ್ಲ. ಎಲೆ ನೀರಲ್ಲಿ ನೆನೆಸಿ, ಕತ್ತರಿಸಿ, ಹೊಗೆಸೊಪ್ಪು ಹಾಕಿ ಸುರುಳಿ ಮಾಡಿ, ನೂಲು ಸುತ್ತಿ, ತುದಿ ಮಡಚುದು, ಕೈಗೆ ಮಾತ್ರ ಕೆಲಸ ಅಂತ ನೋಡಿದವರಿಗೆ ಕಾಣುದು, ನಿಜವಾಗಿ ಕೆಲಸ ಮಾಡುದು ಕುತ್ತಿಗೆ ಮತ್ತು ಸೊಂಟ. ಬೀಡಿ ಕಂಪೆನಿಯ ಬ್ರಾಂಚಿಗೆ ಬೀಡಿ ಕೊಡುವ ದಿನ ಕಟ್ಟು ಹಿಡ್ಕೊಂಡು ನಡೆದು ಹೋಗುವ ಅಮ್ಮಂದಿರ ನಡಿಗೆ ನೋಡಿದ್ರೆ ಸಾಕು, ಗೊತ್ತಾಗ್ತದೆ.

ಎರಡು ವರ್ಷದ ಹಿಂದೆ ಅಮ್ಮನಿಗೆ ಬೆನ್ನಿನ ಕಟ್ಟಕಡೆಯ ಮೂಳೆ, ಕೂತ್ರೆ ನೆಲಕ್ಕೆ ತಾಗ್ತದಲ್ಲ ಆ ಮೂಳೆ, ನೋವು ಶುರುವಾಯ್ತು. ಡಾಕ್ಟ್ರು ನೆಲದಲ್ಲಿ ಕೂರಬೇಡಿ ಅಂದ್ರು. ಸರಿ ಅಂತ ಪ್ಲಾಸ್ಟಿಕ್ ಕುರ್ಚಿ ಕೊಟ್ಟೆವು, ಅದ್ರಲ್ಲಿ ಅಮ್ಮನ ಕಾಲು ನೆಲಕ್ಕೆ ಸರಿಯಾಗಿ ತಾಗುದೇ ಇಲ್ಲ, ತೊಡೆಯ ಅಡಿಗೆ ಕುರ್ಚಿಯ ಅಂಚು ಒತ್ತಿ ಒಂದು ಗಂಟೆಯಲ್ಲಿ ಪಾದ ಜೋಮು. ಮತ್ತೆ ಅದಕ್ಕೆ ಕೈ ಉಂಟು, ಕೈ ಇರುವ ಕುರ್ಚಿಯಲ್ಲಿ ಮಡಿಲಲ್ಲಿ ತಡ್ಪೆ ಇಟ್ಕೊಳ್ಳುದು ಹೇಗೆ. ಮೇಲೆ ಫೋಮ್ ಕುಶನ್ ಹಾಕಿದೆವು, ಆರು ತಿಂಗಳಲ್ಲಿ ಅದು ದೋಸೆ ಆಯ್ತು, ಆಷಾಢದಲ್ಲಿ ಒಳಗೆಲ್ಲ ಬೂಸ್ಟು ಹಿಡಿದು ವಾಸನೆ. ನಮ್ಮ ಕರಾವಳಿಯ ಮಳೆ ಅಂದ್ರೆ ವರ್ಷಕ್ಕೆ ಮೂರೂವರೆ ನಾಲ್ಕು ಸಾವಿರ ಮಿಲ್ಲಿಮೀಟರ್, ಆ ಹವೆಯಲ್ಲಿ ಬೆವರು ಕುಡಿದ ಫೋಮ್ ಒಣಗುದು ಎಲ್ಲಿಂದ. ಬೇಸಿಗೆಯಲ್ಲಾದ್ರೆ ಕೂತಲ್ಲಿ ಬೆಂಕಿ ಹಾಗೆ ಬಿಸಿ. ಅಮ್ಮ ಯಾರಿಗೂ ಹೇಳದೆ ಪುನಃ ನೆಲಕ್ಕೆ ಇಳಿದ್ರು. ಸಂಜೆ ಬಂದು ನೋಡುವಾಗ ಗೋಡೆ ಹಿಡಿದು ಎದ್ದೇಳ್ಲಿಕ್ಕೆ ನೋಡ್ತಾ ಇದ್ರು, ಅದು ನನಗೆ ತಡೀಲಿಕ್ಕೆ ಆಗ್ಲಿಲ್ಲ.

ಟೆನ್ನಿಸ್ ಬಾಲ್ ವಿಷಯ ಬಂದದ್ದು ಮಗನಿಂದ. ಕೊಯ್ಲು ಆದ ಮೇಲೆ ಮಳೆ ಬರುವ ತನಕ ನಮ್ಮಲ್ಲಿ ವಾರ ವಾರ ಅಂಡರ್ ಆರ್ಮ್ ಕ್ರಿಕೆಟ್ ಟೂರ್ನಮೆಂಟ್, ಗದ್ದೆಯಲ್ಲಿ ಲೈಟ್ ಹಾಕಿ ಬೆಳಗ್ಗಿನ ತನಕ ಆಟ. ರೋಮ ಹೋದ ಬಾಲು, ಮೆತ್ತಗಾದ ಬಾಲು ಎಲ್ಲ ಗದ್ದೆ ಬದಿಯ ತೋಡಿಗೆ. ಮಗ ಒಂದು ಗೋಣಿ ತುಂಬ ಹೆಕ್ಕಿ ತಂದು ಅಂಗಳದಲ್ಲಿ ಸುರಿದಿದ್ದ, ಪ್ರಾಕ್ಟೀಸ್ ಮಾಡ್ಲಿಕ್ಕೆ ಅಂತ. ಮಗಳು ಆಗ ಫೋನಲ್ಲಿ ಒಂದು ಫೋಟೋ ತೋರಿಸಿದ್ಲು, ನೆದರ್ಲೆಂಡ್ಸಿನ ಟೆಯೊ ರೆಮಿ, ರೆನೆ ವೇನ್‌ಹೌಜೆನ್ ಅನ್ನುವ ಇಬ್ಬರು ಡಿಸೈನರ್‌ಗಳು ಟೆನ್ನಿಸ್ ಬಾಲಲ್ಲೇ ಕೂರುವ ಬೆಂಚು ಮಾಡಿದ್ದಾರೆ ಅಂತ. ಅವರದ್ದು ನೋಡ್ಲಿಕ್ಕೆ ಬಹಳ ಚಂದ. ಆದ್ರೆ ನನಗೆ ತಲೆಗೆ ಹೋದದ್ದು ಬೇರೆ: ಫೋಮ್ ಆದ್ರೆ ಎಲ್ಲ ಕಡೆ ಒಂದೇ ಮೆತ್ತಗೆ, ಬಾಲು ಹಾಗಲ್ಲ, ಎಪ್ಪತ್ತು ಬಾಲು ಇದ್ರೆ ಎಪ್ಪತ್ತು ಬೇರೆ ಬೇರೆ ಕುಶನ್ ಇದ್ದ ಹಾಗೆ, ಎಲ್ಲಿ ಗಟ್ಟಿ ಬೇಕು ಎಲ್ಲಿ ಮೆತ್ತಗೆ ಬೇಕು ಅಂತ ನಾವೇ ಆರಿಸಿ ಇಡಬಹುದಲ್ಲ. ಕೂರುವವರ ಮೈ ನೋಡಿ ಕುರ್ಚಿ ಮಾಡಬಹುದು. ಅಂಗಡಿಯ ಕುರ್ಚಿಗೆ ಅದು ಸಾಧ್ಯ ಇಲ್ಲ.

ಮೊದಲನೇ ಕುರ್ಚಿ ತಪ್ಪಾಯ್ತು, ಅದನ್ನು ಮೊದಲೇ ಹೇಳ್ತೇನೆ, ಬೇರೆಯವರು ಅದೇ ತಪ್ಪು ಮಾಡಬಾರದು ಅಂತ. ಅರ್ಧ ಇಂಚಿನ ಪ್ಲೈವುಡ್ಡಿಗೆ ಹೋಲ್ ಸಾ ಹಾಕಿ ಎರಡೆರಡು ಇಂಚಿನ ತೂತು ಮಾಡಿ, ಪ್ರತಿ ತೂತಿನಲ್ಲಿ ಒಂದು ಬಾಲು ಕೂರಿಸಿ ಗಮ್ ಹಾಕಿದೆ. ಅಮ್ಮ ಕೂತ್ರು, ಎರಡು ನಿಮಿಷಕ್ಕೆ ಎದ್ರು, ಕಲ್ಲಿನ ರಾಶಿ ಮೇಲೆ ಕೂತ ಹಾಗೆ ಆಗ್ತದೆ ಮಗಾ ಅಂದ್ರು. ಯಾಕೆ ಹಾಗಾಯ್ತು ಅಂತ ಕೂತು ಲೆಕ್ಕ ಹಾಕಿದೆ. ಅಂತಾರಾಷ್ಟ್ರೀಯ ಟೆನ್ನಿಸ್ ಫೆಡರೇಶನ್ ನಿಯಮದಲ್ಲಿ ಬಾಲಿನ ಗಟ್ಟಿತನಕ್ಕೂ ಅಳತೆ ಉಂಟು, 8 ಕೆಜಿಗೆ ಸ್ವಲ್ಪ ಮೇಲೆ ಭಾರ ಹಾಕಿದ್ರೆ ಬಾಲು 0.56ರಿಂದ 0.74 ಸೆಂಟಿಮೀಟರ್ ತಗ್ಗಬೇಕು ಅಂತ. ಅಮ್ಮ 52 ಕೆಜಿ, ಕಾಲಿನ ಭಾರ ನೆಲಕ್ಕೆ, ಸ್ವಲ್ಪ ಬೆನ್ನಿಗೆ ಹೋದ್ರೆ ಸೀಟಿಗೆ ಬರುದು 40 ಕೆಜಿ ಹತ್ರ, ಅದು ಒಂದು ಇಪ್ಪತ್ತು ಬಾಲಿಗೆ ಹಂಚಿ ಹೋದ್ರೆ ಒಂದೊಂದಕ್ಕೆ 2 ಕೆಜಿ. ಎಂಟು ಕೆಜಿಗೆ ಆರೇಳು ಮಿಲ್ಲಿಮೀಟರ್ ತಗ್ಗುವ ಬಾಲು ಎರಡು ಕೆಜಿಗೆ ಎಷ್ಟು ತಗ್ಗೀತು, ಒಂದೂವರೆ ಮಿಲ್ಲಿಮೀಟರ್. ಅಂದ್ರೆ ಹಲಗೆ ಮೇಲೆ ಕೂರಿಸಿದ ಬಾಲು ಕುಶನ್ನೇ ಅಲ್ಲ. ಹಲಗೆ ಬಗ್ಗುದಿಲ್ಲ, ಬಾಲೂ ಬಗ್ಗುದಿಲ್ಲ, ಬಗ್ಗಬೇಕಾದ್ದು ಅಮ್ಮನ ಮೈಯೇ.

ಆಗ ಸಹಾಯಕ್ಕೆ ಬಂದದ್ದು ನನ್ನ ಹೆಂಡ್ತಿಯ ಅಣ್ಣ, ಬಂದರು ಧಕ್ಕೆಯಲ್ಲಿ ಟ್ರಾಲ್ ಬೋಟಿಗೆ ಹೋಗುವವರು. ಭಾವ, ಹಲಗೆ ತೆಗೀರಿ, ಹಗ್ಗದಲ್ಲಿ ತೂಗಿಸಿ, ಬಲೆ ಹಾಗೆ ಆಗ್ಬೇಕು, ಅಂದ್ರು. ಅಷ್ಟೇ ಮಾತು, ಇಡೀ ಕುರ್ಚಿ ಅದರಲ್ಲಿ ಉಂಟು. ಬಾಲಿಗೆ ತೂತು ಮಾಡಿ ಮಣಿಸರದ ಹಾಗೆ ಹಗ್ಗಕ್ಕೆ ಪೋಣಿಸಿ, ಚೌಕಟ್ಟಿನ ಎಡದಿಂದ ಬಲಕ್ಕೆ ಕಟ್ಟಿದ್ರೆ ಸೀಟು ಒಟ್ಟಾಗಿ ಒಂದು ಇಂಚು ಇಳಿತದೆ, ಪ್ರತಿ ಬಾಲು ತನ್ನ ಜಾಗದಲ್ಲಿ ಚೂರು ಹೊರಳ್ತದೆ, ಗಾಳಿ ಅಡಿಯಿಂದ ಮೇಲಕ್ಕೆ ಆಡ್ತದೆ. ಯಾವ ಹಗ್ಗ ಅನ್ನುದನ್ನೂ ಅವರೇ ಹೇಳಿದ್ದು. ನಾನು ನೈಲಾನ್ ತರ್ತೇನೆ ಅಂದಾಗ ಬೇಡ, ನೈಲಾನ್ ನೀರು ಕುಡಿತದೆ, ಮಳೆಗಾಲದಲ್ಲಿ ಉದ್ದ ಆಗಿ ಸಡಿಲ ಆಗ್ತದೆ, ಟ್ರಾಲ್ ಬಲೆಗೆ ಹಾಕುವ ಎಚ್‌ಡಿಪಿಇ (ಒಂದು ಬಗೆಯ ಪ್ಲಾಸ್ಟಿಕ್) ಹಗ್ಗ ತಗೊಳ್ಳಿ, ಅದಕ್ಕೆ ನೀರು ಹಿಡಿಯುದಿಲ್ಲ ಅಂದ್ರು. 6 ಮಿಲ್ಲಿಮೀಟರಿನದ್ದು ತಂದೆವು, ಅವರ ಮನೆಯಲ್ಲೇ ಒಂದು ಸುರುಳಿ ಉಳಿದಿತ್ತು.

ಇನ್ನು ಅಳತೆ. ಇದೇ ಮುಖ್ಯ, ಇದನ್ನು ಮಾತ್ರ ಅವಸರದಲ್ಲಿ ಮಾಡಬೇಡಿ. ಅಮ್ಮನನ್ನು ಸ್ಟೂಲಿನ ಮೇಲೆ ಕೂರಿಸಿ, ಚಪ್ಪಲಿ ಇಲ್ಲದೆ, ಪಾದ ನೆಲಕ್ಕೆ ಪೂರ್ತಿ ಊರಿದಾಗ ಮೊಣಕಾಲಿನ ಹಿಂದಿನ ಮಡಿಕೆ ನೆಲದಿಂದ ಎಷ್ಟು ಎತ್ತರ ಅಂತ ಅಳೆದೆ, 15 ಇಂಚು. ಅಂಗಡಿಯ ಕುರ್ಚಿಗಳು ಸಾಧಾರಣ 17, 18 ಇಂಚು. ಆ ಎರಡು ಮೂರು ಇಂಚಿನಲ್ಲೇ ನಮ್ಮ ಅಮ್ಮಂದಿರ ಕಾಲಿನ ಜೋಮು ಇರುದು. ನಾನು ಹಗ್ಗದ ತೂತು ನೆಲದಿಂದ ಹದಿನಾಲ್ಕೂ ಮುಕ್ಕಾಲು ಇಂಚಿಗೆ ಕೊಟ್ಟೆ, ಬಾಲಿನ ಅರ್ಧ ಹಗ್ಗದಿಂದ ಮೇಲೆ ಬರ್ತದೆ, ಅದು ಒಂದೂಕಾಲು ಇಂಚಿಗೆ ಚೂರು ಮೇಲೆ, ಕೂತಾಗ ಒಂದು ಇಂಚು ಇಳಿತದೆ, ಸರಿಯಾಗಿ 15ಕ್ಕೆ ಬಂದು ನಿಲ್ತದೆ. ಕುಂಡೆಯ ಹಿಂಬದಿಯಿಂದ ಮೊಣಕಾಲಿನ ಮಡಿಕೆ ತನಕ ಅಳೆದು ಅದರಲ್ಲಿ ಎರಡು ಇಂಚು ಕಳೆದ್ರೆ ಸೀಟಿನ ಆಳ, ಅಮ್ಮನಿಗೆ ಹದಿನಾರೂಕಾಲು ಇಂಚು ಬಂತು. ಅಗಲ ಹದಿನೆಂಟೂವರೆ.

ಅಗಲ ಹದಿನೆಂಟೂವರೆ ಯಾಕಂದ್ರೆ ಬಾಲಿನ ಲೆಕ್ಕ. ಟೆನ್ನಿಸ್ ಬಾಲಿನ ಅಡ್ಡಳತೆ 6.54ರಿಂದ 6.86 ಸೆಂಟಿಮೀಟರ್, ಅಂದ್ರೆ ಎರಡೂವರೆ ಇಂಚಿಗೆ ಸ್ವಲ್ಪ ಜಾಸ್ತಿ, ಏಳು ಬಾಲು ಸಾಲಾಗಿ ಇಟ್ರೆ ಹದಿನೆಂಟೂವರೆ ಹತ್ರ. ಬಾಲಿನ ಹಿಂದೆ ಬಾಲು ನೇರ ಇಟ್ರೆ ನಾಲ್ಕು ಬಾಲಿನ ಮಧ್ಯ ಒಂದು ಹೊಂಡ ಬೀಳ್ತದೆ, ಅದು ಕೂತವರಿಗೆ ಗೊತ್ತಾಗ್ತದೆ. ಅದಕ್ಕೆ ಜೇನುಗೂಡಿನ ಹಾಗೆ ಇಡಬೇಕು, ಒಂದು ಸಾಲಲ್ಲಿ 7, ಮುಂದಿನ ಸಾಲಲ್ಲಿ 6, ಈ ಆರು ಬಾಲು ಆ ಏಳರ ಸಂದಿಗೆ ಬಂದು ಕೂರ್ತದೆ. ಹೀಗೆ ಏಳು ಸಾಲಿಗೆ 46 ಬಾಲು. ನೇರ ಇಟ್ಟಿದ್ರೆ ಅದೇ ಜಾಗಕ್ಕೆ 42 ಹಿಡೀತಿತ್ತು. ಆರು ಬಾಲಿನ ಸಾಲಿನ ಎರಡು ತುದಿಯಲ್ಲಿ ಅರ್ಧ ಬಾಲಿನಷ್ಟು ಜಾಗ ಉಳಿತದೆ, ಅಲ್ಲಿಗೆ ಪಿವಿಸಿ ಪೈಪಿನ ಸಣ್ಣ ತುಂಡು ಪೋಣಿಸಿದ್ರೆ ಸಾಲು ಆಚೀಚೆ ಜಾರುದಿಲ್ಲ.

ಬಾಲು ಆರಿಸುದಕ್ಕೆ ಮಗ ಮತ್ತು ನಾನು ಎರಡು ಸಂಜೆ ಕೂತೆವು, ನನಗೆ ಈ ಕೆಲಸದಲ್ಲಿ ಅತಿ ಇಷ್ಟ ಆದದ್ದು ಅದೇ. ಹೊಸ ಬಾಲು 254 ಸೆಂಟಿಮೀಟರ್ ಎತ್ತರದಿಂದ ಬಿಟ್ರೆ 135ರಿಂದ 147 ಸೆಂಟಿಮೀಟರ್ ಪುಟಿಯಬೇಕು ಅಂತ ನಿಯಮ. ನಾವು ಗೋಡೆಯಲ್ಲಿ ಸೀಮೆಸುಣ್ಣದಿಂದ ಗೆರೆ ಹಾಕಿ ಐದು ಅಡಿಯಿಂದ ಬಿಟ್ಟೆವು, ಎರಡೂವರೆ ಅಡಿಗೆ ಮೇಲೆ ಬಂದದ್ದು ಒಂದು ಬುಟ್ಟಿ, ಒಂದೂವರೆಯಿಂದ ಎರಡೂವರೆ ಇನ್ನೊಂದು ಬುಟ್ಟಿ, ಅದಕ್ಕೂ ಕಡಿಮೆಯದ್ದು ಮೂರನೇದು. ಒಡೆದದ್ದು, ಬೆರಳಲ್ಲಿ ಒತ್ತಿದ್ರೆ ತಗ್ಗಿಯೇ ಉಳಿಯುದು, ಅದು ಬೇಡ. ಕ್ರಿಕೆಟಿಗೆ ಅಂತಲೇ ಬರುವ ದಪ್ಪ ರಬ್ಬರಿನ ಹೆವಿ ಬಾಲು ಸಿಕ್ಕಿದ್ರೆ ಬೇರೆ ಇಡಿ, ಅದು ಎಷ್ಟು ಹಳತಾದ್ರೂ ಗಟ್ಟಿ. ತೊಳೆಯುದು ಸೋಪಿನ ನೀರಲ್ಲಿ ಒಂದು ರಾತ್ರಿ ನೆನೆಸಿ, ಏಪ್ರಿಲ್ ಮೇ ತಿಂಗಳಲ್ಲೇ ತೊಳೆದು ಟೆರೇಸಿನಲ್ಲಿ ಒಣಗಿಸಿ. ಮೇಲಿನ ರೋಮ ಉಣ್ಣೆ ಮತ್ತು ನೈಲಾನ್ ಸೇರಿದ್ದು, ಮಳೆಗಾಲದಲ್ಲಿ ಒಣಗುದೇ ಇಲ್ಲ. ನಮ್ಮ ಕೆಂಪು ಮಣ್ಣಿನ ಬಣ್ಣ ಮಾತ್ರ ಪೂರ್ತಿ ಹೋಗುದಿಲ್ಲ, ಇರಲಿ.

ಎಲ್ಲಿ ಯಾವ ಬಾಲು? ಕೂತಾಗ ಮೈಭಾರ ಜಾಸ್ತಿ ಬೀಳುದು ಕುಂಡೆಯ ಒಳಗಿನ ಎರಡು ಮೂಳೆಗಳ ಮೇಲೆ. ಆ ಮೂಳೆ ಎಲ್ಲಿ ಬರ್ತದೆ ಅಂತ ಗೊತ್ತಾಗ್ಲಿಕ್ಕೆ ಒಂದು ಸುಲಭ ದಾರಿ ಉಂಟು, ಸೈಕಲ್ ಸೀಟಿನ ಅಳತೆಗೆ ಹೀಗೆ ಮಾಡ್ತಾರೆ: ಗಟ್ಟಿ ಸ್ಟೂಲಿನ ಮೇಲೆ ಪೆಟ್ಟಿಗೆಯ ರಟ್ಟು ಹಾಕಿ ಅದರ ಮೇಲೆ ಎರಡು ನಿಮಿಷ ಕೂರಿಸಬೇಕು, ಎದ್ದ ಮೇಲೆ ರಟ್ಟಿನಲ್ಲಿ ಎರಡು ಗುಳಿ ಕಾಣ್ತದೆ. ಅಮ್ಮನದ್ದು ಒಂದರಿಂದ ಒಂದಕ್ಕೆ ನಾಲ್ಕೂ ಮುಕ್ಕಾಲು ಇಂಚು, ಹಿಂದಿನಿಂದ ಎರಡನೇ ಮೂರನೇ ಸಾಲಿನ ಮಧ್ಯ ಬಂತು. ಆ ಎರಡು ಜಾಗದ ಸುತ್ತ ಮೂರನೇ ಬುಟ್ಟಿಯ ಮೆತ್ತಗಿನ ಬಾಲು, ತೊಡೆಯ ಅಡಿಗೆ ಎರಡನೇ ಬುಟ್ಟಿಯದ್ದು, ಬದಿಗಳಿಗೆ ಗಟ್ಟಿಯದ್ದು. ಬದಿಯಲ್ಲಿ ಗಟ್ಟಿ ಇದ್ರೆ ಮೈ ಮಧ್ಯಕ್ಕೆ ಬಂದು ನಿಲ್ತದೆ. ಮತ್ತೆ ಕಟ್ಟಕಡೆಯ ಸಾಲಿನ ಮಧ್ಯದ ಬಾಲನ್ನು ತೆಗೆದೇ ಬಿಟ್ಟೆ, ಅಲ್ಲಿ ಬರೇ ಪೈಪಿನ ತುಂಡು. ಅಮ್ಮನ ನೋವಿನ ಮೂಳೆ ಬರುದು ಸರಿಯಾಗಿ ಆ ಖಾಲಿ ಜಾಗಕ್ಕೆ. ಹಾಗಾಗಿ ಸೀಟಿನಲ್ಲಿ 45 ಬಾಲು. ಆ ಒಂದು ಬಾಲು ಇಲ್ಲದ ಜಾಗವೇ ಅಮ್ಮನಿಗೆ ಅತಿ ದೊಡ್ಡ ಉಪಕಾರ ಮಾಡಿದ್ದು.

ಬೆನ್ನಿಗೆ ಐದು ಸಾಲು, ಸಾಲಿಗೆ ಆರು, ಎಡಕ್ಕೆ ಮೂರು ಬಲಕ್ಕೆ ಮೂರು, ಮಧ್ಯ ಒಂದು ಬಾಲಿನಷ್ಟು ಜಾಗ ಬಿಟ್ಟು. ಬೆನ್ನುಹುರಿಯ ಮೂಳೆಗೆ ಬಾಲು ತಾಗಬಾರದು, ಅದರ ಎರಡು ಬದಿಯ ಮಾಂಸಕ್ಕೆ ತಾಗ್ಬೇಕು. ಮೊದಲ ಸಾಲು ಸೀಟಿನಿಂದ ಆರು ಇಂಚು ಮೇಲೆ, ಸೊಂಟದ ಒಳಬಾಗಿನ ಜಾಗಕ್ಕೆ, ಅಲ್ಲಿ ಹೆವಿ ಬಾಲು ಹಾಕಿದೆ, ಮೇಲೆ ಹೋದ ಹಾಗೆ ಮೆತ್ತಗೆ. ಬೆನ್ನಿನ ಕಂಬ ನೇರ ಇಡಬೇಡಿ, ಚೂರು ಹಿಂದಕ್ಕೆ ವಾಲಬೇಕು, ಸೀಟಿಗೂ ಬೆನ್ನಿಗೂ 100ರಿಂದ 105 ಡಿಗ್ರಿ. ಬೀಡಿ ಕಟ್ಟುವವರಿಗೆ ಅದಕ್ಕಿಂತ ಜಾಸ್ತಿ ವಾಲಿದ್ರೆ ಕೈ ತಡ್ಪೆಗೆ ಎಟುಕುದಿಲ್ಲ, ಮತ್ತೆ ಮುಂದೆ ಬಗ್ಗಿಯೇ ಕೂರ್ತಾರೆ, ಆಗ ಬೆನ್ನಿನ ಬಾಲು ಇದ್ದೂ ಇಲ್ಲದ ಹಾಗೆ.

ತೂತು ಮಾಡ್ಲಿಕ್ಕೆ ಕಾಯಿಸಿದ ಸರಳು ಹಾಕಬೇಡಿ, ರಬ್ಬರ್ ಸುಟ್ಟ ಹೊಗೆ ಮನೆಯಲ್ಲಿ ಎರಡು ದಿನ ಉಳೀತು. ಬಾಲನ್ನು ವೈಸಿನಲ್ಲಿ (ಬಿಗಿದು ಹಿಡಿಯುವ ಇಕ್ಕಳದಂಥ ಸಾಧನ) ಮೆಲ್ಲ ಹಿಡಿಸಿ ಡ್ರಿಲ್ ನಿಧಾನಕ್ಕೆ ಓಡಿಸಿ, ಕೈಯಲ್ಲಿ ಹಿಡ್ಕೊಂಡು ಮಾತ್ರ ಖಂಡಿತ ಮಾಡಬೇಡಿ, ಡ್ರಿಲ್ಲಿನ ಬಿಟ್ ರಬ್ಬರಿಗೆ ಕಚ್ಚಿ ಬಾಲನ್ನೇ ತಿರುಗಿಸ್ತದೆ. ತೂತು ಕೂಡ್ಲೆ ಮುಚ್ಚಿಕೊಳ್ತದೆ, ಹಗ್ಗ ಹಾಯಿಸ್ಲಿಕ್ಕೆ ದಬ್ಬಣ ಬೇಕು, ಹಗ್ಗದ ತುದಿಯನ್ನು ಬೆಂಕಿಗೆ ಹಿಡಿದು ಚೂಪು ಮಾಡಿದ್ರೆ ಸುಲಭ. ತೂತು ಮಾಡಿದ್ರೆ ಗಾಳಿ ಹೋಗುದಿಲ್ವಾ ಅಂತ ಕೇಳಿದವರು ಬಹಳ ಜನ. ಹೋಗ್ತದೆ, ಹೋಗ್ಲಿ, ಹಳೆ ಬಾಲಿನಲ್ಲಿ ಒತ್ತಡ ಮೊದಲೇ ಇಲ್ಲ. ರಬ್ಬರಿನ ಗೋಡೆಯೇ ಭಾರ ಹೊರುದು, ಕೂತಾಗ ಒಳಗಿನ ಗಾಳಿ ತೂತಿನಿಂದ ಮೆಲ್ಲ ಹೊರಗೆ ಬರ್ತದೆ, ಎದ್ದಾಗ ಪುನಃ ಒಳಗೆ. ಅದಕ್ಕೇ ಧಡಕ್ಕನೆ ಕೂತ್ರೂ ಪೆಟ್ಟು ಆಗುದಿಲ್ಲ.

ಚೌಕಟ್ಟಿನ ಮರ ನಮಗೆ ಪುಕ್ಕಟೆ ಸಿಕ್ಕಿತು. ನೆರೆಮನೆಯವರು ಹಳೆ ಹಂಚಿನ ಮನೆ ತೆಗೆದಾಗ ಪಕ್ಕಾಸು (ಮಾಡಿನ ದಪ್ಪ ಮರ), ರೀಪು (ಹಂಚು ಕೂರುವ ತೆಳು ಪಟ್ಟಿ) ಎಲ್ಲ ರಾಶಿ ಬಿದ್ದಿತ್ತು. 1865ರಲ್ಲಿ ಬಾಸೆಲ್ ಮಿಶನ್ ಅನ್ನುವ ಕ್ರೈಸ್ತ ಸಂಸ್ಥೆಯವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ ಮೇಲೆ ಈ ಊರಿನ ಮಾಡುಗಳೆಲ್ಲ ಹಂಚಿನದ್ದಾದವು, ಹಂಚಿನ ಭಾರಕ್ಕೆ ಒಳ್ಳೆ ಮರವೇ ಹಾಕಿದ್ದಾರೆ ನಮ್ಮ ಹಿರಿಯರು. ಈಗ ಸ್ಲ್ಯಾಬ್ ಹಾಕುವಾಗ ಆ ಮರ ಸೌದೆಗೆ ಹೋಗುದು ನೋಡಿದ್ರೆ ಹೊಟ್ಟೆ ಉರಿತದೆ. ನಮಗೆ ಸಿಕ್ಕಿದ್ದು ಕಿರಾಲ್‌ಬೋಗಿ ಮರ, ಕಬ್ಬಿಣದ ಹಾಗೆ, ಡ್ರಿಲ್ಲಿನ ಎರಡು ಬಿಟ್ ತುಂಡಾಯ್ತು. ಒಂದು ಎಚ್ಚರ, ಹಳೆ ಪಕ್ಕಾಸಿಗೆ ಗೆದ್ದಲು ಹಿಡಿಯಬಾರದು ಅಂತ ಗೇರು ಎಣ್ಣೆ ಬಳಿದಿರ್ತಾರೆ, ಆ ಕಪ್ಪು ಪದರ ಉಜ್ಜುವಾಗ ಧೂಳು ಮೈಗೆ ತಾಗಿದ್ರೆ ತುರಿಕೆ, ಕೆಲವರಿಗೆ ಗುಳ್ಳೆ ಏಳ್ತದೆ. ಕೈಗವಸು, ಮಾಸ್ಕ್ ಹಾಕಿ, ಹೊರಗೆ ಅಂಗಳದಲ್ಲಿ ಕೂತು ಉಜ್ಜಿ.

ಮೊದಲು ನಾನು ಹಗುರ ಇರಲಿ ಅಂತ ರೀಪಿನಲ್ಲಿ ಚೌಕಟ್ಟು ಮಾಡಿದ್ದೆ, ಹಗ್ಗ ಬಿಗಿದ ಮರುದಿನ ಎರಡು ಬದಿಯ ಮರ ಒಳಗೆ ಬಾಗಿ ಮೂಲೆಯ ಸ್ಕ್ರೂ ಕಿತ್ತು ಬಂತು. ಬಟ್ಟೆ ಒಣಗಿಸುವ ಹಗ್ಗ ಕಟ್ಟಿದವರಿಗೆ ಗೊತ್ತುಂಟು, ಹಗ್ಗ ನೇರ ಇದ್ದಷ್ಟು ಸ್ವಲ್ಪ ಭಾರಕ್ಕೂ ಕಂಬವನ್ನು ಜೋರು ಎಳಿತದೆ. ಒಂದು ಸಾಲಿಗೆ 6 ಕೆಜಿ ಭಾರ ಬಿದ್ದು ಹಗ್ಗ ಒಂದೇ ಇಂಚು ಇಳಿದ್ರೆ ಆ ಹಗ್ಗದ ಎಳೆತ 14 ಕೆಜಿ ಹತ್ರ ಬರ್ತದೆ, ಏಳು ಸಾಲಿಗೆ 100 ಕೆಜಿ ಹತ್ರ ಒಳಗೆ ಎಳಿತದೆ ಅಂತ ಆಯ್ತು. ಆಮೇಲೆ ನಮ್ಮ ಊರಿನ ಆಚಾರ್ರ (ಮರದ ಕೆಲಸದವರ) ಹತ್ರ ಹೋದೆ, ಅವರು ಪಕ್ಕಾಸನ್ನೇ ಸೀಳಿ, ಎರಡು ಇಂಚು ದಪ್ಪಕ್ಕೆ, ಮೂಲೆಗಳಲ್ಲಿ ತೂತು ಕಡಿದು ಒಂದರೊಳಗೆ ಒಂದು ಕೂರಿಸಿ ಮರದ ಗೂಟ ಹೊಡೆದು ಕೊಟ್ರು, ಮುಂದೆ ಹಿಂದೆ ಎರಡು ಅಡ್ಡಪಟ್ಟಿ. ಮುಂದಿನ ಅಡ್ಡಪಟ್ಟಿ ಹಗ್ಗಕ್ಕಿಂತ ಮೂರು ಇಂಚು ಕೆಳಗೆ ಇರಬೇಕು ಅಂತ ನಾನು ಹೇಳಿ ಮಾಡಿಸಿದ್ದು, ಇಲ್ಲದಿದ್ರೆ ತೊಡೆಗೆ ಅದೇ ಅಂಚು ಪುನಃ ಒತ್ತುದು. ನನ್ನ ಸ್ಕ್ರೂ ಕೆಲಸವೂ ಅವರ ಕೆಲಸವೂ ಅಕ್ಕಪಕ್ಕ ಇಟ್ಟು ನೋಡಿದ್ರೆ ಕೈಕಸುಬು ಅಂದ್ರೆ ಎಂತ ಅಂತ ಗೊತ್ತಾಗ್ತದೆ, ಆ ಹಿರಿಯರ ನಂತರ ನಮ್ಮ ಊರಲ್ಲಿ ಹೀಗೆ ಮರ ಕೂಡಿಸುವವರು ಇಲ್ಲ.

ಪ್ರತಿ ಸಾಲಿಗೂ ಬೇರೆ ಬೇರೆ ಹಗ್ಗ ಹಾಕಿ ಬೇರೆ ಬೇರೆ ಗಂಟು ಹಾಕಿ. ಒಂದೇ ಉದ್ದ ಹಗ್ಗ ಸುತ್ತಿದ್ರೆ ಒಂದು ಕಡೆ ತುಂಡಾದ್ರೆ ಇಡೀ ಸೀಟು ಬಿತ್ತು. ಮತ್ತೆ ಬೇರೆ ಇದ್ರೆ ಮೂಳೆ ಬರುವ ಸಾಲನ್ನು ಚೂರು ಸಡಿಲ, ಮುಂದಿನ ಸಾಲನ್ನು ಬಿಗಿ ಮಾಡಬಹುದು. ಹಗ್ಗ ಹೋಗುವ ತೂತಿನ ಬಾಯಿಯನ್ನು ಉಜ್ಜಿ ಗುಂಡಗೆ ಮಾಡಿ, ಚೂಪಾಗಿದ್ರೆ ಹಗ್ಗ ಸವೀತದೆ. ಇನ್ನೊಂದು, ಸಾಲುಗಳನ್ನು ಮುಂದಿನಿಂದ ಹಿಂದಕ್ಕೂ ಬಲೆಯ ನೂಲಿನಲ್ಲಿ ನಾಲ್ಕು ಕಡೆ ಕಟ್ಟಲೇಬೇಕು. ನಾನು ಮೊದಲು ಕಟ್ಟಲಿಲ್ಲ, ಮಗಳು ಕೂತಾಗ ಎರಡು ಸಾಲು ಬಿರಿದು ಅವಳು ಮಧ್ಯಕ್ಕೆ ಜಾರಿದ್ಲು, ಅಮ್ಮ ಕೂತಿದ್ರೆ ಅಂತ ಎಣಿಸಿದ್ರೆ ಈಗಲೂ ಎದೆ ಝಲ್ ಆಗ್ತದೆ. ಭಾವನವರು ಬಲೆ ಹೆಣೆಯುವ ಸೂಜಿ ತಂದು ಒಂದು ಗಂಟೆಯಲ್ಲಿ ಅದನ್ನು ಕಟ್ಟಿ ಕೊಟ್ರು. ಈ ಹಗ್ಗ ಯಾವಾಗಲೂ ಭಾರದಲ್ಲಿ ಇದ್ರೆ ನಿಧಾನಕ್ಕೆ ಎಳೆದುಕೊಳ್ತದೆ, ಹಾಗಾಗಿ ಮೊದಲ ಮೂರು ತಿಂಗಳು ತಿಂಗಳಿಗೊಮ್ಮೆ ಗಂಟು ಬಿಚ್ಚಿ ಬಿಗಿಯಬೇಕು, ಮತ್ತೆ ಅಷ್ಟು ಬೇಡ.

ಖರ್ಚು ಎಷ್ಟಾಯ್ತು ಅಂತ ಎಲ್ಲರೂ ಕೇಳುದು. ಆಚಾರ್ರಿಗೆ 900, ಮರಳುಕಾಗದ, ವಾರ್ನಿಶ್, ಡ್ರಿಲ್ಲಿನ ಬಿಟ್ ಎಲ್ಲ ಸೇರಿ 500, ಒಟ್ಟು 1400 ರೂಪಾಯಿ. ಹಗ್ಗ, ಮರ, ಬಾಲು ದುಡ್ಡು ಕೊಡದೆ ಸಿಕ್ಕಿದ್ದು. ಹೊಸ ಬಾಲು ತಗೊಂಡ್ರೆ ಒಂದಕ್ಕೆ 50 ರೂಪಾಯಿ ಲೆಕ್ಕ ಹಿಡಿದ್ರೂ 75 ಬಾಲಿಗೆ 3750 ಆಗ್ತದೆ, ಮತ್ತೆ ಹೊಸ ಬಾಲು ಈ ಕೆಲಸಕ್ಕೆ ಗಟ್ಟಿಯೇ ಆಗ್ತದೆ. ಆಟಕ್ಕೆ ಬೇಡ ಅಂತ ಬಿಸಾಡಿದ ಬಾಲೇ ಕುರ್ಚಿಗೆ ಸರಿಯಾದ ಬಾಲು, ಈ ಮಾತು ನಾನು ಟೂರ್ನಮೆಂಟ್ ಮಾಡುವ ಹುಡುಗರಿಗೆ ಎಷ್ಟು ಸಲ ಹೇಳಿದ್ದೇನೋ.

ಅಮ್ಮ ಈಗ ಒಂದು ವರ್ಷ ಹತ್ರ ಅದರಲ್ಲೇ ಕೂರುದು. ಮೇಲೆ ಒಂದು ಬೈರಾಸ್ (ಟವೆಲ್) ಹಾಕ್ಕೊಳ್ತಾರೆ, ಅದನ್ನು ದಿನಾ ಒಗೆದು ಹಾಕಿದ್ರೆ ಆಯ್ತು, ಬಾಲಿಗೆ ಬೆವರು ತಾಗುದಿಲ್ಲ. ಕಳೆದ ಮಳೆಗಾಲ ಪೂರ್ತಿ ಬೂಸ್ಟು ಬರಲಿಲ್ಲ, ಒಲೆ ಇರುವ ಕೋಣೆಯಲ್ಲಿ ರಾತ್ರಿ ಇಟ್ಟದ್ದಕ್ಕೂ ಇರಬಹುದು. ನೋವು ಪೂರ್ತಿ ಹೋಗಿಲ್ಲ, ಹಾಗೆ ಹೇಳಿದ್ರೆ ಸುಳ್ಳಾಗ್ತದೆ. ಆದ್ರೆ ಗೋಡೆ ಹಿಡಿಯದೆ ಎದ್ದೇಳ್ತಾರೆ, ರಾತ್ರಿ ನಿದ್ದೆ ಬರ್ತದೆ, ಊಟಕ್ಕೆ ಎಲ್ಲರ ಒಟ್ಟಿಗೆ ಕೂರ್ತಾರೆ. ಬೀಡಿ ಬೇಡ ಅಮ್ಮ ಅಂದ್ರೆ ಕೇಳುದಿಲ್ಲ, ಕೈ ಸುಮ್ಮನೆ ಇದ್ರೆ ಅವರಿಗೆ ಬೇಜಾರು, ದಿನಕ್ಕೆ ಮುನ್ನೂರು ಕಟ್ಟಿಯೇ ಕಟ್ತಾರೆ. ಅರ್ಧ ಗಂಟೆಗೆ ಒಮ್ಮೆ ಎದ್ದು ಬಾವಿಕಟ್ಟೆ ತನಕ ನಡೀಬೇಕು ಅಂತ ಮಗಳು ಮೊಬೈಲಲ್ಲಿ ಅಲಾರಾಂ ಇಟ್ಟಿದ್ದಾಳೆ, ಅದಕ್ಕೆ ಮಾತ್ರ ಒಪ್ಪಿದ್ದಾರೆ. ಎಂಥ ಒಳ್ಳೆ ಕುರ್ಚಿಯಾದ್ರೂ ಗಂಟೆಗಟ್ಟಲೆ ಅಲುಗದೆ ಕೂತ್ರೆ ಒತ್ತಿದ ಜಾಗಕ್ಕೆ ರಕ್ತ ಸರಿಯಾಗಿ ಓಡುದಿಲ್ಲ.

ಒಂದು ವಿಷಯ ಇದರಲ್ಲಿ ಬಹಳ ಜಾಗ್ರತೆ ಬೇಕು, ದಪ್ಪ ಅಕ್ಷರದಲ್ಲಿ ಹಾಕಿದ್ರೂ ಅಡ್ಡಿ ಇಲ್ಲ. ಬೆನ್ನುಹುರಿಗೆ ಪೆಟ್ಟಾಗಿ ಕೆಳಗಿನ ಮೈಗೆ ಸ್ಪರ್ಶ ಇಲ್ಲದವರು, ವೀಲ್‌ಚೇರಿನಲ್ಲಿ ಇರುವವರು, ಶುಗರ್ ಜಾಸ್ತಿಯಾಗಿ ಕಾಲು ಕುಂಡೆ ಜೋಮು ಹಿಡಿದವರು ಬಾಲಿನ ಕುರ್ಚಿಯಲ್ಲಿ ಕೂರಬಾರದು. ಬಾಲು ಒಂದು ಜಾಗಕ್ಕೆ ಒತ್ತಿದ್ರೆ ನಮಗೆ ನೋಯ್ತದೆ, ನಾವು ಸರಿದು ಕೂರ್ತೇವೆ, ಅವರಿಗೆ ಗೊತ್ತೇ ಆಗುದಿಲ್ಲ, ಒತ್ತು ಹುಣ್ಣು ಆಗ್ತದೆ, ಅದು ಆದ್ರೆ ಗುಣ ಆಗ್ಲಿಕ್ಕೆ ತಿಂಗಳುಗಟ್ಟಲೆ ಬೇಕು. ಅಂಥವರಿಗೆ ಒಂದಕ್ಕೊಂದು ಗಾಳಿ ಹೋಗಿಬರುವ ಕೋಶಗಳ ಕುಶನ್ ಅಂತ ಬೇರೆಯೇ ಬರ್ತದೆ, ಡಾಕ್ಟ್ರ ಹತ್ರ, ಫಿಸಿಯೋಥೆರಪಿಯವರ ಹತ್ರ ಕೇಳಿಯೇ ತಗೊಳ್ಳಬೇಕು. ಸೊಂಟ ನೋವು ಅಂತ ಬಂದವರಿಗೂ ನಾನು ಮೊದಲು ಹೇಳುದು ಡಾಕ್ಟ್ರಿಗೆ ತೋರಿಸಿ ಅಂತಲೇ.

ಅಮ್ಮನ ಕುರ್ಚಿ ನೋಡಿ ನಮ್ಮ ಬೈಲಿನ ಇಬ್ಬರು ಕೇಳಿದ್ರು, ಒಬ್ಬರು ಬೀಡಿ ಕಟ್ಟುವ ಅಕ್ಕ, ಒಬ್ಬರು ಟೈಲರ್. ಅಕ್ಕ ಅಮ್ಮನ ಅಳತೆಯಲ್ಲೇ ಮಾಡಿ ಕೊಡಿ ಅಂದ್ರು, ನಾನು ಒಪ್ಪಲಿಲ್ಲ, ಅವರ ಕಾಲು ಅಳೆದೆ, ಹದಿನಾರೂವರೆ ಬಂತು, ರಟ್ಟಿನ ಗುಳಿಯೂ ಬೇರೆ. ಟೈಲರಿಗೆ ಎತ್ತರ ಹೊಲಿಗೆ ಮಿಶನ್ನಿನ ಟೇಬಲ್ ನೋಡಿ ಇಡಬೇಕು, ಪೆಡಲ್ ಮೆಟ್ಟುವ ಕಾಲು ಎತ್ತಿ ಇಳಿಸ್ಲಿಕ್ಕೆ ಮುಂದಿನ ಸಾಲಿಗೆ ಅತಿ ಮೆತ್ತಗಿನ ಬಾಲು ಬೇಕು, ಅದನ್ನು ಇನ್ನೂ ಮಾಡ್ತಾ ಇದ್ದೇನೆ. ಅಕ್ಕನದ್ದಕ್ಕೆ ಮರ, ಹಗ್ಗ ತಯಾರುಂಟು, ಬಾಲು 31 ಕಡಿಮೆ ಬಿದ್ದಿದೆ.

ಅದಕ್ಕೇ ಈ ಪತ್ರದ ಮೂಲಕ ಕೇಳುದು ಎರಡೇ. ಮಂಗಳೂರು ಉಡುಪಿ ಕಡೆಯಲ್ಲಿ ಟೂರ್ನಮೆಂಟ್ ನಡೆಸುವ ಯುವಕ ಮಂಡಲದವರು, ಫ್ರೆಂಡ್ಸ್ ಬಳಗದವರು, ಟೆನ್ನಿಸ್ ಕೋರ್ಟ್ ಇರುವ ಕ್ಲಬ್ಬಿನವರು, ಸ್ಕೋರ್ ಬರೆಯುವ ಮೇಜಿನ ಅಡಿಗೆ ಒಂದು ಖಾಲಿ ಗೋಣಿ ಇಡಿ, ಮುಗಿದ ಬಾಲು ತೋಡಿಗೆ ಎಸೆಯದೆ ಅದಕ್ಕೆ ಹಾಕಿ, ಸೀಸನ್ ಮುಗಿದ ಮೇಲೆ ನಿಮ್ಮ ಊರಿನ ಯಾರಾದ್ರೂ ಕೆಲಸ ಗೊತ್ತಿರುವವರಿಗೆ ಕೊಡಿ. ಇನ್ನೊಂದು ನಮ್ಮ ಐಟಿಐ, ಪಾಲಿಟೆಕ್ನಿಕ್ ಮೇಷ್ಟ್ರುಗಳ ಹತ್ರ: ಮಕ್ಕಳಿಗೆ ಪ್ರಾಜೆಕ್ಟ್ ಅಂತ ಪ್ರತಿ ವರ್ಷ ಎಂತಾದ್ರೂ ಮಾಡಿಸ್ತೀರಿ, ಈ ವರ್ಷ ಒಂದು ಬ್ಯಾಚಿಗೆ ಆದ್ರೂ ಹೇಳಿ, ಪ್ರತಿಯೊಬ್ಬರೂ ಅವರವರ ಮನೆಯಲ್ಲಿ ಕೂತು ಕೆಲಸ ಮಾಡುವ ಒಬ್ಬರನ್ನು ಅಳೆದು ಬರಲಿ, ಅಮ್ಮನೋ ಅಜ್ಜಿಯೋ ಅತ್ತೆಯೋ, ಆ ಅಳತೆಗೆ ಒಂದು ಕುರ್ಚಿ ಮಾಡಲಿ. ಅಳತೆ ಪಟ್ಟಿಯನ್ನು ನಾನು ಕೈಯಲ್ಲಿ ಬರೆದು ಈ ಪತ್ರದ ಜೊತೆ ನಿಮ್ಮ ಕಚೇರಿಗೆ ಕಳಿಸಿದ್ದೇನೆ, ಕೇಳಿದವರಿಗೆ ಜೆರಾಕ್ಸ್ ಕೊಟ್ರೆ ಉಪಕಾರ. ಮಳೆ ಶುರುವಾಗ್ಲಿಕ್ಕೆ ಇನ್ನು ಆರು ವಾರ ಉಂಟು, ಬಾಲು ತೊಳೆದು ಒಣಗಿಸ್ಲಿಕ್ಕೆ ಇದೇ ಸಮಯ.

ಇತಿ ನಿಮ್ಮ ಓದುಗ,
ಹಳೆಯಂಗಡಿ